ಲಿವರ್ ಕಸಿಗೆ ಯಾವ ಆಸ್ಪತ್ರೆ? ‘ಶೇ. 95 ಯಶಸ್ಸು’ ನಂಬುವ ಮೊದಲು ಕೇಳಬೇಕಾದ್ದು

ಪ್ರಶ್ನೆ: ನಮ್ಮ ಅಣ್ಣನಿಗೆ 52 ವರ್ಷ. ಎರಡು ವರ್ಷದಿಂದ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಹಾಳಾಗುವ ಕಾಯಿಲೆ) ಇದೆ. ಹೊಟ್ಟೆಯಲ್ಲಿ ಪದೇ ಪದೇ ನೀರು ತುಂಬಿಕೊಳ್ಳುತ್ತದೆ. ಒಂದು ಸಲ ಮಂಪರು ಕವಿದು ಐಸಿಯುಗೂ ಸೇರಿಸಬೇಕಾಯಿತು. ಮೆಲ್ಡ್ ಸ್ಕೋರ್ 19 ಅಂತೆ. ಲಿವರ್ ಕಸಿ ಮಾಡಿಸಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಹತ್ತಿರದ ಆಸ್ಪತ್ರೆಯಲ್ಲಿ ಇತ್ತೀಚೆಗೆ ಕಸಿ ಶುರುವಾಗಿದೆ. ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿ ದೊಡ್ಡ ಕೇಂದ್ರವೊಂದಿದೆ, ಅಲ್ಲಿ ಶೇ. 95 ಯಶಸ್ಸು ಎನ್ನುತ್ತಾರೆ. ನನ್ನ ಲಿವರ್‌ನ ಭಾಗ ಕೊಡಲು ನಾನು ತಯಾರಿದ್ದೇನೆ. ಎಲ್ಲಿಗೆ ಹೋಗೋದು ಒಳ್ಳೆಯದು?

ಉತ್ತರ: ಎಲ್ಲಿಗೆ ಅನ್ನೋದು ಪಕ್ಕಾ ಆಗುವ ತನಕ ಕಾಯುತ್ತಾ ಕೂರಬೇಡಿ. ಎರಡೂ ಕಡೆ ಈ ವಾರವೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಆಸ್ಪತ್ರೆ ಆರಿಸುವುದರಲ್ಲೇ ತಿಂಗಳುಗಟ್ಟಲೆ ಕಳೆದು, ಆಪರೇಷನ್ ತಡೆದುಕೊಳ್ಳುವ ಶಕ್ತಿಯೇ ಉಳಿಯದ ಹೊತ್ತಿಗೆ ಬರುವವರನ್ನು ನಾನು ತುಂಬ ನೋಡಿದ್ದೇನೆ. ಎರಡು ಕಡೆ ತೋರಿಸಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆ ಎಂಬ ಅಳುಕು ಬೇಡ. ಇಷ್ಟು ದೊಡ್ಡ ವಿಷಯದಲ್ಲಿ ಇನ್ನೊಬ್ಬರ ಅಭಿಪ್ರಾಯ ಕೇಳೋದು ನಿಮ್ಮ ಹಕ್ಕು.

ಮೆಲ್ಡ್ 19 ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ರಕ್ತ ಪರೀಕ್ಷೆಗಳಿಂದ ಲೆಕ್ಕ ಹಾಕುವ ಅಂಕಿ. ಬಿಲಿರುಬಿನ್, ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್, ಈಗೀಗ ಸೋಡಿಯಂ ಕೂಡ ಇದರಲ್ಲಿ ಸೇರುತ್ತವೆ. ಸ್ಕೋರ್ 6ರಿಂದ 40ರವರೆಗೆ ಇರುತ್ತದೆ. ಕಸಿ ಇಲ್ಲದೇ ಇದ್ದರೆ ಮುಂದಿನ ಮೂರು ತಿಂಗಳಲ್ಲಿ ಜೀವಕ್ಕೆ ಎಷ್ಟು ಅಪಾಯ ಅನ್ನೋದರ ಅಂದಾಜು ಅದು. ಸಾಮಾನ್ಯವಾಗಿ 15 ದಾಟಿದ ಮೇಲೆ ಕಸಿಯ ಅಪಾಯಕ್ಕಿಂತ ಲಾಭ ಜಾಸ್ತಿ. ಆದರೆ ಹೊಟ್ಟೆಯ ನೀರು, ಮಂಪರು ಎರಡೂ ಈ ಲೆಕ್ಕದಲ್ಲಿ ಬರೋದೇ ಇಲ್ಲ. ಹಾಗಾಗಿ ನಿಮ್ಮ ಅಣ್ಣನ ಕಾಯಿಲೆ 19 ಹೇಳುವುದಕ್ಕಿಂತ ಮುಂದೆ ಹೋಗಿದೆ ಎಂದೇ ನಾನು ಓದಿಕೊಳ್ಳುತ್ತೇನೆ. ಇನ್ನೊಂದು ಕಡೆ, ತೀರಿಕೊಂಡವರಿಂದ ಸಿಗುವ ಲಿವರ್ ಅನ್ನು ಬಹಳ ದೇಶಗಳಲ್ಲಿ ಸ್ಕೋರ್ ಜಾಸ್ತಿ ಇರುವವರಿಗೆ ಮೊದಲು ಕೊಡುತ್ತಾರೆ. 30, 35 ಇರುವವರ ಹಿಂದೆ 19 ಇರುವವರು ತುಂಬ ದಿನ ಕಾಯಬೇಕಾಗಬಹುದು. ಕಾಯಿಲೆ ಮುಂದುವರಿದಿದೆ, ಸರದಿ ಮಾತ್ರ ದೂರವಿದೆ. ನಿಮ್ಮಂಥ ಜೀವಂತ ದಾನಿಯ ಮಾತು ಬರೋದು ಇಲ್ಲೇ.

ಈಗ ಆ ಶೇ. 95ರ ವಿಷಯ. ಆ ಅಂಕಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಕೇಂದ್ರಗಳಲ್ಲಿ ಕಸಿಯಾದ ಹತ್ತರಲ್ಲಿ ಒಂಬತ್ತು ಮಂದಿ, ಕೆಲವು ಕಡೆ ಅದಕ್ಕಿಂತ ಜಾಸ್ತಿ, ಒಂದು ವರ್ಷದ ಆಚೆಗೂ ಬದುಕಿರುತ್ತಾರೆ. ಆದರೆ ಆ ಲೆಕ್ಕ ಶುರುವಾಗೋದು ಆಪರೇಷನ್ ಟೇಬಲ್‌ನಿಂದ. ಟೇಬಲ್‌ವರೆಗೂ ಬರದೇ ಹೋದವರು ಅದರಲ್ಲಿ ಇರುವುದಿಲ್ಲ.

ಸುಮ್ನೆ ಒಂದು ಲೆಕ್ಕ ಮಾಡಿ ನೋಡೋಣ. ಇವು ಅರ್ಥವಾಗಲಿ ಅಂತ ನಾನೇ ಇಟ್ಟುಕೊಂಡ ಅಂಕಿಗಳು. ಒಂದು ಆಸ್ಪತ್ರೆ 100 ಜನರನ್ನು ಪಟ್ಟಿಗೆ ಸೇರಿಸಿಕೊಂಡಿತು. ಅವರಲ್ಲಿ 50 ಜನರಿಗೆ ಕಸಿಯಾಯಿತು, 48 ಮಂದಿ ವರ್ಷ ಕಳೆದರು. ಯಶಸ್ಸು ಶೇ. 96. ಇನ್ನೊಂದು ಆಸ್ಪತ್ರೆಯೂ 100 ಜನರನ್ನು ಸೇರಿಸಿಕೊಂಡಿತು. ಕಷ್ಟದ ಕೇಸುಗಳನ್ನೂ ಬಿಡದೆ 80 ಜನರಿಗೆ ಕಸಿ ಮಾಡಿತು, 70 ಮಂದಿ ವರ್ಷ ಕಳೆದರು. ಯಶಸ್ಸು ಶೇ. 88ಕ್ಕೂ ಕಡಿಮೆ. ಎರಡೂ ಕಡೆ ಉಳಿದವರು ಕಾಯುತ್ತಲೇ ತೀರಿಕೊಂಡರು, ಇಲ್ಲವೇ ಹದಗೆಟ್ಟು ಪಟ್ಟಿಯಿಂದ ಹೊರಬಿದ್ದರು ಅಂತಿಟ್ಟುಕೊಳ್ಳಿ. ಬೋರ್ಡಿನ ಮೇಲೆ ಮೊದಲನೆಯದೇ ದೊಡ್ಡದಾಗಿ ಕಾಣುತ್ತದೆ. ಆದರೆ ಬಾಗಿಲಿಗೆ ಬಂದ 100 ಜನರಲ್ಲಿ ಮೊದಲನೆಯ ಕಡೆ ಉಳಿದವರು 48, ಎರಡನೆಯ ಕಡೆ 70. ನಿಮ್ಮ ಅಣ್ಣ ಈಗ ನಿಂತಿರೋದು ಬಾಗಿಲಲ್ಲಿ, ಅಲ್ವಾ?

ಅದಕ್ಕೇ ಎರಡೂ ಕಡೆ ಹೀಗೆ ಕೇಳಿ: “ಇದೇ ಸ್ಥಿತಿಯಲ್ಲಿ ನಿಮ್ಮ ಹತ್ತಿರ ಬಂದವರಲ್ಲಿ ಎಷ್ಟು ಜನರಿಗೆ ಕಸಿಯಾಯಿತು? ಎಷ್ಟು ದಿನದೊಳಗೆ? ಕಾಯುತ್ತಿದ್ದಾಗ ಎಷ್ಟು ಮಂದಿ ಹೋದರು?” ಅಮೆರಿಕದಲ್ಲಿ ಎಸ್‌ಆರ್‌ಟಿಆರ್ ಎಂಬ ಸಂಸ್ಥೆ ಪ್ರತಿ ಕೇಂದ್ರದ ಇಂಥ ಅಂಕಿಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಕಾಯುವವರ ಸಾವು, ಕಸಿ ಸಿಗುವ ವೇಗ, ಕಸಿಯ ನಂತರದ ಒಂದು ವರ್ಷ, ಮೂರನ್ನೂ ಬೇರೆ ಬೇರೆ ತೋರಿಸುತ್ತದೆ. ಪಟ್ಟಿಗೆ ಸೇರಿದವರು ಬದುಕುಳಿಯುವುದರ ಮೇಲೆ ಕಸಿ ಎಷ್ಟು ಬೇಗ ಸಿಗುತ್ತದೆ ಅನ್ನೋದರ ಪರಿಣಾಮವೇ ಹೆಚ್ಚು ಎಂದು ಅವರೂ ಹೇಳುತ್ತಾರೆ. ಬ್ರಿಟನ್ನಿನಲ್ಲೂ ಕೇಂದ್ರವಾರು ವರದಿ ವರ್ಷ ವರ್ಷ ಬರುತ್ತದೆ. ಅಂಥ ಸಾರ್ವಜನಿಕ ದಾಖಲೆ ಇಲ್ಲದ ಕಡೆ ಬಾಯಿಬಿಟ್ಟು ಕೇಳೋದೊಂದೇ ದಾರಿ. ಕೇಳಿದಾಗ ಕಡತ ತೆಗೆದು ತೋರಿಸುವವರ ಮೇಲೆ ನನಗೆ ನಂಬಿಕೆ ಜಾಸ್ತಿ. “ಅದೆಲ್ಲ ನಿಮಗೆ ಯಾಕೆ, ನಾವಿದ್ದೇವಲ್ಲ” ಎನ್ನುವ ಕಡೆ ಸ್ವಲ್ಪ ಹುಷಾರಾಗಿರಿ.

ಅಂಕಿ ಕೇಳುವಾಗ ಒಟ್ಟು ಎಷ್ಟು ಕಸಿಗಳು ಅನ್ನೋದನ್ನೂ ಕೇಳಿ. ಹತ್ತು ಕಸಿ ಮಾಡಿ ಹತ್ತೂ ಮಂದಿ ಬದುಕಿದ್ದರೆ ಅದು ಶೇ. 100. ಹನ್ನೊಂದನೆಯವರು ಹೋದರೆ ಒಂದೇ ದಿನದಲ್ಲಿ ಶೇ. 91. ಇಷ್ಟು ಸಣ್ಣ ಸಂಖ್ಯೆಯಿಂದ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ. ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವರ್ಷಕ್ಕೆ 20 ಅಥವಾ ಅದಕ್ಕಿಂತ ಕಡಿಮೆ ಲಿವರ್ ಕಸಿ ಮಾಡುವ ಕಡೆ ಸಾವು ಹೆಚ್ಚು ಎಂದು ಕಂಡುಬಂತು. ಜೀವಂತ ದಾನಿಯ ಕಸಿಯಲ್ಲೂ ಹೀಗೆಯೇ. ಒಂದು ತಂಡದ ಮೊದಲ 20 ಕೇಸುಗಳಲ್ಲಿ ಹೊಸ ಲಿವರ್ ಕೈಕೊಡುವ ಸಂಭವ ಹೆಚ್ಚು ಅನ್ನೋದು ಗೊತ್ತಾಗಿದೆ. ಆದರೆ ‘ಹೊಸ ಆಸ್ಪತ್ರೆ’ ಮತ್ತು ‘ಹೊಸ ತಂಡ’ ಎರಡೂ ಒಂದೇ ಅಲ್ಲ. ಬೇರೆ ಕಡೆ ನೂರಾರು ಕಸಿ ಮಾಡಿದ ತಂಡವೇ ಹತ್ತಿರದ ಆಸ್ಪತ್ರೆಗೆ ಬಂದು ಕೂತಿರಬಹುದು. ಸರ್ಜನ್ ಒಬ್ಬರೇ ಬಂದಿದ್ದಾರೋ, ಅರಿವಳಿಕೆ ತಜ್ಞರು, ಐಸಿಯು ಡಾಕ್ಟರು, ಹೆಪಟಾಲಜಿಸ್ಟ್ (ಲಿವರ್ ಕಾಯಿಲೆಯ ತಜ್ಞರು) ಎಲ್ಲರೂ ಜೊತೆಗೆ ಬಂದಿದ್ದಾರೋ ಅಂತ ವಿಚಾರಿಸಿ.

ಸರ್ಜನ್ ಹೆಸರೊಂದನ್ನೇ ನೋಡಿ ಆಸ್ಪತ್ರೆ ಆರಿಸಬಾರದು ಅಂತ ನಾನು ಒತ್ತಿ ಹೇಳೋದಕ್ಕೆ ಕಾರಣವಿದೆ. ಮನುಷ್ಯರಲ್ಲಿ ಮೊದಲ ಲಿವರ್ ಕಸಿಗೆ ಕೈಹಾಕಿದವರು ಥಾಮಸ್ ಸ್ಟಾರ್ಜಲ್, 1963ರಲ್ಲಿ, ಡೆನ್ವರ್‌ನಲ್ಲಿ. ಅವರ ಕೈಚಳಕದ ಬಗ್ಗೆ ಎರಡು ಮಾತಿರಲಿಲ್ಲ. ಆದರೂ ಕಸಿಯಾದವರು ವರ್ಷ ದಾಟುವುದನ್ನು ನೋಡಲು 1967ರ ನಂತರದವರೆಗೆ ಕಾಯಬೇಕಾಯಿತು. ಅಲ್ಲಿಂದ ಮುಂದೆಯೂ 1970ರ ದಶಕವಿಡೀ ಮೂರರಲ್ಲಿ ಒಬ್ಬರಷ್ಟೇ ವರ್ಷ ಕಳೆಯುತ್ತಿದ್ದರು. 1980ರ ಹೊತ್ತಿಗೆ ಸೈಕ್ಲೋಸ್ಪೊರಿನ್ ಬಂತು. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ಹಿಡಿದಿಡುವ ಔಷಧ ಅದು. ಆಮೇಲೆಯೇ ಬದುಕುವವರು ದುಪ್ಪಟ್ಟಾದರು. ಅಂದರೆ ದೊಡ್ಡ ಬದಲಾವಣೆ ತಂದದ್ದು ಆಪರೇಷನ್ ಆದ ಮೇಲಿನ ಆರೈಕೆ. ಇವತ್ತಿಗೂ ಕೇಂದ್ರ ಕೇಂದ್ರಗಳ ನಡುವಿನ ವ್ಯತ್ಯಾಸ ಎದ್ದು ಕಾಣೋದು ಅಲ್ಲೇ.

ಒಂದು ರಾತ್ರಿಯನ್ನು ಹತ್ತಿರದಿಂದ ನೋಡೋಣ. ಕಸಿಯಾಗಿ ಮೂರನೇ ದಿನ. ರಾತ್ರಿ ಎರಡು ಗಂಟೆ. ಲಿವರ್ ಎನ್ಜೈಮ್‌ಗಳು ಸಂಜೆ ಇಳಿಯುತ್ತಿದ್ದವು, ಈಗಿನ ರಿಪೋರ್ಟಿನಲ್ಲಿ ಇದ್ದಕ್ಕಿದ್ದಂತೆ ಏರಿವೆ. ಅನುಭವವಿರುವ ಐಸಿಯು ಡಾಕ್ಟರಿಗೆ ತಕ್ಷಣ ಬರುವ ಅನುಮಾನ ಒಂದೇ: ಹೊಸ ಲಿವರ್‌ಗೆ ರಕ್ತ ಒಯ್ಯುವ ಹೆಪಾಟಿಕ್ ಆರ್ಟರಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ? ಆಗಲೇ ಹಾಸಿಗೆ ಪಕ್ಕಕ್ಕೆ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಷಿನ್ ಬರಬೇಕು. ಅದನ್ನು ಓದಬಲ್ಲವರು ಇರಬೇಕು. ಅನುಮಾನ ನಿಜವಾದರೆ ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋಗ್ರಾಮ್, ನಂತರ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ (ಸಣ್ಣ ಕೊಳವೆ ತೂರಿಸಿ ನಾಳ ತೆರೆಯುವ ತಜ್ಞರು) ಅಥವಾ ಸರ್ಜನ್. ಕೆಲವೇ ಗಂಟೆಗಳಲ್ಲಿ ನಾಳ ತೆರೆದರೆ ಲಿವರ್ ಉಳಿಯಬಹುದು. “ಬೆಳಿಗ್ಗೆ ಸ್ಕ್ಯಾನ್ ಮಾಡಿಸೋಣ” ಅಂದರೆ ಇನ್ನೊಂದು ಕಸಿಯೇ ಬೇಕಾಗಬಹುದು. ಈ ತೊಂದರೆ ಬರೋದು ಕೆಲವೇ ಜನರಿಗೆ. ಬಂದಾಗ ಮಾತ್ರ ಆ ರಾತ್ರಿ ಯಾರು ಇದ್ದರು ಅನ್ನೋದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಹಾಗಾಗಿ “ರಾತ್ರಿ ಮತ್ತು ರಜಾದಿನ ಡಾಪ್ಲರ್, ಇಂಟರ್ವೆನ್ಷನಲ್ ರೇಡಿಯಾಲಜಿ, ಎಂಡೋಸ್ಕೋಪಿ ಇಲ್ಲೇ ಆಗುತ್ತವೆಯೇ, ಹೊರಗಿನಿಂದ ಕರೆಸುತ್ತೀರೋ?” ಅಂತ ನೇರವಾಗಿ ಕೇಳಿ. ಇದು ಸಣ್ಣ ಪ್ರಶ್ನೆ ಅಲ್ಲ.

ಪಿತ್ತನಾಳದ ತೊಂದರೆ ಇದಕ್ಕಿಂತ ಸಾಮಾನ್ಯ. ಜೋಡಿಸಿದ ಜಾಗದಲ್ಲಿ ಸೋರುವುದು, ತಿಂಗಳುಗಳ ನಂತರ ಕಿರಿದಾಗುವುದು, ಎರಡೂ ಆಗುತ್ತವೆ. ಜೀವಂತ ದಾನಿಯ ಕಸಿಯಲ್ಲಿ ಜೋಡಿಸಬೇಕಾದ ನಾಳಗಳು ಸಣ್ಣವು, ಕೆಲವೊಮ್ಮೆ ಒಂದಕ್ಕಿಂತ ಹೆಚ್ಚು. ಅದಕ್ಕೇ ಅಲ್ಲಿ ಇದು ಸ್ವಲ್ಪ ಜಾಸ್ತಿ. ಹೆಚ್ಚಿನವು ಎಂಡೋಸ್ಕೋಪಿಯಲ್ಲಿ ಸ್ಟೆಂಟ್ ಹಾಕಿ ಸರಿಹೋಗುತ್ತವೆ, ಆದರೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ.

ದೂರದ ಪ್ರಶ್ನೆ ಬರೋದು ಇಲ್ಲಿಯೇ. ಮೊದಲ ಕೆಲವು ವಾರ ರಕ್ತ ಪರೀಕ್ಷೆ ವಾರಕ್ಕೆ ಒಂದೆರಡು ಸಲ ಇರುತ್ತದೆ. ಲಿವರ್ ಅನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಔಷಧ ರಕ್ತದಲ್ಲಿ ಎಷ್ಟಿದೆ ಎಂದು ನೋಡಿ ಡೋಸ್ ಏರಿಸುವುದು, ಇಳಿಸುವುದು ನಡೆಯುತ್ತಲೇ ಇರುತ್ತದೆ. ಮಟ್ಟ ಕಡಿಮೆಯಾದರೆ ದೇಹ ಲಿವರ್ ಅನ್ನು ತಿರಸ್ಕರಿಸಬಹುದು, ಹೆಚ್ಚಾದರೆ ಕಿಡ್ನಿಗೆ ಪೆಟ್ಟು. ಈ ಅವಧಿಯಲ್ಲಿ, ಅಂದರೆ ಸುಮಾರು ಮೂರು ತಿಂಗಳು, ಕಸಿ ಮಾಡಿದ ಕೇಂದ್ರದ ಹತ್ತಿರವೇ ಇರಬೇಕು ಅನ್ನೋದು ನನ್ನ ಖಚಿತ ಸಲಹೆ. ಆಮೇಲೆ ಪರೀಕ್ಷೆಗಳ ನಡುವಿನ ಅಂತರ ಹೆಚ್ಚುತ್ತಾ ಹೋಗುತ್ತದೆ. ಆದರೆ ಮಾತ್ರೆ ಮತ್ತು ತಪಾಸಣೆ ಜೀವನಪರ್ಯಂತ. ದೂರದ ಕೇಂದ್ರ ಆರಿಸಿಕೊಂಡರೆ ನಿಮ್ಮ ಊರಿನ ಹೆಪಟಾಲಜಿಸ್ಟ್ ಈಗಿನಿಂದಲೇ ಆ ತಂಡದ ಜೊತೆ ಮಾತಾಡಿಕೊಂಡಿರಲಿ. ಜ್ವರ ಬಂದ ರಾತ್ರಿ ನೀವು ಯಾವ ನಂಬರಿಗೆ ಫೋನ್ ಮಾಡಬೇಕು, ಅತ್ತ ಕಡೆ ಎತ್ತುವವರು ಯಾರು ಅನ್ನೋದು ಕೂಡ ಮೊದಲೇ ಗೊತ್ತಿರಬೇಕು.

ತೀರಿಕೊಂಡ ದಾನಿಯ ಲಿವರ್‌ಗೆ ಪಟ್ಟಿಯಲ್ಲಿ ಹೆಸರು ಇಡುವುದಾದರೆ ದೂರಕ್ಕೆ ಇನ್ನೊಂದು ಅರ್ಥ ಬರುತ್ತದೆ. ಮಂಜುಗಡ್ಡೆಯಲ್ಲಿಟ್ಟ ಲಿವರ್ ತುಂಬ ಹೊತ್ತು ತಾಳುವುದಿಲ್ಲ. ಸಾಮಾನ್ಯವಾಗಿ 8ರಿಂದ 12 ಗಂಟೆಯೊಳಗೆ ಜೋಡಿಸಿ ಮುಗಿಸಲು ನೋಡುತ್ತಾರೆ. ಲಿವರ್‌ಗೆ ಹೊರಗೇ ರಕ್ತ ಹರಿಸಿ ಕಾಪಾಡುವ ಯಂತ್ರಗಳು ಈಗ ಕೆಲವು ಕಡೆ ಬಂದಿವೆ, ಅವು ಇದ್ದರೆ ಸಮಯ ಹೆಚ್ಚು ಸಿಗುತ್ತದೆ. ಆದರೂ ಫೋನ್ ಬಂದ ಕೆಲವೇ ಗಂಟೆಗಳಲ್ಲಿ ರೋಗಿ ಅಲ್ಲಿರಬೇಕು. ರಾತ್ರಿಯಿಡೀ ಪ್ರಯಾಣ ಮಾಡಬೇಕಾದವರು ಆ ಊರಿನಲ್ಲೇ ತಂಗಿ ಕಾಯಬೇಕಾಗುತ್ತದೆ. ಪಟ್ಟಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ. ಕೆಲವು ಕಡೆ ಎರಡು ಕೇಂದ್ರಗಳಲ್ಲಿ ಹೆಸರು ಇಡಬಹುದು, ಕೆಲವು ಕಡೆ ಆಗುವುದಿಲ್ಲ. ಆಸ್ಪತ್ರೆಯಲ್ಲಿ ಕಸಿಯ ವ್ಯವಸ್ಥೆ ನೋಡಿಕೊಳ್ಳುವ ಕೋಆರ್ಡಿನೇಟರ್ ಹತ್ತಿರ ಇದನ್ನು ಮೊದಲೇ ಕೇಳಿ.

ಈಗ ನಿಮ್ಮ ವಿಷಯ. ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನಾನು ಅಷ್ಟು ಬೇಗ ಮುಗಿಸುವುದಿಲ್ಲ. ಈ ಕಥೆಯಲ್ಲಿ ಆರೋಗ್ಯವಾಗಿರುವವರು ನೀವೊಬ್ಬರೇ. ಕಾಯಿಲೆಯೇ ಇಲ್ಲದವರ ಹೊಟ್ಟೆ ಕೊಯ್ಯುವ ಆಪರೇಷನ್ ಇದು. ದೊಡ್ಡವರಿಗೆ ಕೊಡುವಾಗ ಹೆಚ್ಚಾಗಿ ಬಲಭಾಗ ತೆಗೆಯುತ್ತಾರೆ, ಅದು ಲಿವರ್‌ನ ಸುಮಾರು ಶೇ. 60. ಬಲಭಾಗ ಕೊಟ್ಟ ದಾನಿಗಳಲ್ಲಿ ಸಾವಿನ ಸಂಭವ 200ರಿಂದ 500 ಜನರಲ್ಲಿ ಒಬ್ಬರು ಎಂದು ಅಂದಾಜು. ಸಾಯುವುದು ಅಪರೂಪ, ಆದರೆ ಸೊನ್ನೆ ಅಲ್ಲ. ಸಣ್ಣಪುಟ್ಟದ್ದೂ ಸೇರಿ ಏನಾದರೊಂದು ತೊಂದರೆ ಆಗೋದು ಹತ್ತರಲ್ಲಿ ನಾಲ್ವರಿಗೆ. ಬಹುಪಾಲು ವಾಸಿಯಾಗುವಂಥವು. ಉಳಿದ ಲಿವರ್ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ.

ನಿಮ್ಮನ್ನು ಹೇಗೆ ಪರೀಕ್ಷಿಸುತ್ತಾರೆ ಅನ್ನೋದರಲ್ಲೇ ಕೇಂದ್ರದ ಗುಣಮಟ್ಟ ಗೊತ್ತಾಗುತ್ತದೆ. ಸಿಟಿ ಸ್ಕ್ಯಾನ್ ಮಾಡಿ ನಿಮ್ಮ ಲಿವರ್‌ನ ಪ್ರತಿ ಭಾಗದ ತೂಕ ಅಂದಾಜು ಮಾಡುತ್ತಾರೆ. ಅಣ್ಣ 70 ಕೆಜಿ ಇದ್ದರೆ, ದೇಹದ ತೂಕದ ಶೇ. 0.8ರ ಲೆಕ್ಕದಲ್ಲಿ ಅವರಿಗೆ ಕನಿಷ್ಠ 560 ಗ್ರಾಂ ಲಿವರ್ ಬೇಕು. ನಿಮ್ಮದು ಒಟ್ಟು 1,100 ಗ್ರಾಂ, ಬಲಭಾಗ 700 ಗ್ರಾಂ ಅಂತಿಟ್ಟುಕೊಳ್ಳಿ. ಅವರಿಗೆ ಧಾರಾಳ ಸಾಕು. ನಿಮಗೆ ಉಳಿಯೋದು 400 ಗ್ರಾಂ, ಅಂದರೆ ಶೇ. 36. ನಡೆಯುತ್ತದೆ. ಅದೇ ಬಲಭಾಗ 800 ಗ್ರಾಂ ಬಂದರೆ ನಿಮಗೆ ಉಳಿಯೋದು ಶೇ. 27. ಅಣ್ಣನಿಗೆ ಇನ್ನೂ ಒಳ್ಳೆಯದು, ಆದರೆ ನಿಮ್ಮ ಜೀವಕ್ಕೆ ಅಪಾಯ. ಶೇ. 30ರಿಂದ 35ರಷ್ಟಾದರೂ ದಾನಿಗೆ ಉಳಿಯಲೇಬೇಕು. ಆಗ ಒಳ್ಳೆಯ ತಂಡ “ಬೇಡ, ಬೇರೆ ದಾನಿ ನೋಡಿ” ಅನ್ನುತ್ತದೆ. ಲಿವರ್‌ನಲ್ಲಿ ಕೊಬ್ಬು ಜಾಸ್ತಿ ಇದ್ದರೂ ಹಾಗೇ.

ಅದಕ್ಕೇ ನಾನು ಹೇಳಿಕೊಡುವ ಪ್ರಶ್ನೆ: “ನಿಮ್ಮ ಹತ್ತಿರ ಬಂದ ದಾನಿಗಳಲ್ಲಿ ಎಷ್ಟು ಜನರನ್ನು ವಾಪಸ್ ಕಳಿಸುತ್ತೀರಿ?” ಯಾರನ್ನೂ ಕಳಿಸುವುದಿಲ್ಲ ಅಂದರೆ ನನಗೆ ಭಯವಾಗುತ್ತದೆ. ಇನ್ನೂ ಒಂದನ್ನು ಗಮನಿಸಿ. ನಿಮ್ಮನ್ನು ಪರೀಕ್ಷಿಸುವ ಡಾಕ್ಟರು ಅಣ್ಣನಿಗೆ ಚಿಕಿತ್ಸೆ ಕೊಡುವವರಿಗಿಂತ ಬೇರೆಯವರಾಗಿರಬೇಕು. ಮನೆಯವರು ಯಾರೂ ಇಲ್ಲದೆ ನಿಮ್ಮೊಬ್ಬರ ಜೊತೆ ಕೂತು ಮಾತಾಡಬೇಕು. ಕೊನೆಯ ಕ್ಷಣದವರೆಗೂ ನೀವು ಬೇಡ ಅನ್ನಬಹುದು. ಹಾಗೆ ಅಂದರೆ, “ವೈದ್ಯಕೀಯವಾಗಿ ಹೊಂದುವುದಿಲ್ಲ” ಎಂದಷ್ಟೇ ಮನೆಯವರಿಗೆ ಹೇಳಿ ನಿಮ್ಮ ಮಾತನ್ನು ಗುಟ್ಟಾಗಿಡುವ ಪದ್ಧತಿ ಒಳ್ಳೆಯ ಕೇಂದ್ರಗಳಲ್ಲಿದೆ. ನಿಮಗೆ ಮನಸ್ಸಿಲ್ಲ ಅಂತ ನಾನು ಹೇಳುತ್ತಿಲ್ಲ. ಆ ಬಾಗಿಲು ತೆರೆದಿರುವ ಕಡೆಯೇ ಹೋಗಿ, ಅಷ್ಟೇ. ಆಪರೇಷನ್ ಆದ ಮೇಲೆ ನಿಮ್ಮ ತಪಾಸಣೆ ಎಷ್ಟು ದಿನ ನಡೆಯುತ್ತದೆ ಅಂತಲೂ ಕೇಳಿ. ದಾನಿ ಮನೆಗೆ ಹೋದ ಮೇಲೆ ಮರೆತುಬಿಡುವ ಕಡೆಗಳೂ ಇವೆ.

ಒಂದು ಕಡೆ ‘ಆಗೋದಿಲ್ಲ’ ಅಂದರೆ ಅಲ್ಲಿಗೇ ಬಿಡಬೇಡಿ. ಕಾರಣವನ್ನು ಬರಹದಲ್ಲಿ ಪಡೆಯಿರಿ. ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ವೇನ್‌ನಲ್ಲಿ ರಕ್ತ ಹೆಪ್ಪುಗಟ್ಟಿರುವುದು, ವಯಸ್ಸು, ರಕ್ತದ ಗುಂಪು ಹೊಂದದಿರುವುದು, ಇವುಗಳಿಗೆ ಒಂದು ಕೇಂದ್ರ ಇಲ್ಲ ಅಂದರೆ ಇನ್ನೊಂದು ಕೇಂದ್ರ ಒಪ್ಪಬಹುದು. ಕುಡಿತದಿಂದ ಲಿವರ್ ಹಾಳಾದವರು ಆರು ತಿಂಗಳು ಬಿಟ್ಟಿರಲೇಬೇಕು ಎಂಬ ನಿಯಮವೂ ಈಗ ಎಲ್ಲ ಕಡೆ ಅಷ್ಟು ಬಿಗಿಯಾಗಿ ಉಳಿದಿಲ್ಲ. ಆದರೆ ಎರಡು ಮೂರು ಕಡೆ ಒಂದೇ ಕಾರಣಕ್ಕೆ ಬೇಡ ಅಂದರೆ, ‘ನಾವು ಮಾಡ್ತೀವಿ ಬನ್ನಿ’ ಅನ್ನುವ ನಾಲ್ಕನೆಯ ಕಡೆಗೆ ಓಡುವ ಮೊದಲು ಯೋಚಿಸಿ. ಸುಲಭವಾಗಿ ಅಂಗ ಕೊಡಿಸುತ್ತೇವೆ ಅನ್ನುವ ಮಧ್ಯವರ್ತಿಗಳ ಹತ್ತಿರವಂತೂ ಸುಳಿಯಲೇಬೇಡಿ. ಅಂಗ ಮಾರಾಟವನ್ನು 2008ರ ಇಸ್ತಾಂಬುಲ್ ಘೋಷಣೆ ಖಂಡಿಸಿದೆ, ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಅದು ಅಪರಾಧ. ಅಲ್ಲಿ ದಾನಿಯನ್ನೂ ರೋಗಿಯನ್ನೂ ಸರಿಯಾಗಿ ಪರೀಕ್ಷಿಸುವವರು ಇರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಹತ್ತಿರದ ತಂಡ ಜೀವಂತ ದಾನಿಯ ಕಸಿಗಳನ್ನು ಸಾಕಷ್ಟು ಮಾಡಿದ್ದರೆ, ರಾತ್ರಿಯ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟರೆ, ಅಲ್ಲೇ ಮಾಡಿಸುತ್ತಿದ್ದೆ. ಶೇ. 95 ಮತ್ತು ಶೇ. 90ರ ನಡುವಿನ ಅಂತರಕ್ಕಿಂತ ಮನೆಯ ಹತ್ತಿರದ ಆರೈಕೆ ದೊಡ್ಡದು. ಆ ತಂಡವೇ ಹೊಸದಾಗಿದ್ದರೆ ಆಪರೇಷನ್ ಮತ್ತು ಮೊದಲ ಮೂರು ತಿಂಗಳು ದೂರದ ಕೇಂದ್ರದಲ್ಲಿ, ಆಮೇಲಿನ ತಪಾಸಣೆ ಊರಿನ ಡಾಕ್ಟರ ಹತ್ತಿರ. ಇಬ್ಬರು ಒಟ್ಟಿಗೆ ಟೇಬಲ್ ಮೇಲೆ ಮಲಗುವ ಆಪರೇಷನ್ ಇದು. ಆ ಒಂದು ಕಾರಣಕ್ಕೆ ಪ್ರಯಾಣದ ಕಷ್ಟವನ್ನು ನಾನು ಒಪ್ಪಿಕೊಳ್ಳುತ್ತೇನೆ.

ಮೊದಲ ಭೇಟಿಗೆ ಹೋಗುವಾಗ ಕಳೆದ ಆರು ತಿಂಗಳ ಎಲ್ಲ ರಕ್ತ ಪರೀಕ್ಷೆ, ಎಂಡೋಸ್ಕೋಪಿ ರಿಪೋರ್ಟ್, ಸಿಟಿ ಅಥವಾ ಎಂಆರ್‌ಐ ಚಿತ್ರಗಳ ಸಿಡಿ, ಐಸಿಯುನ ಡಿಸ್ಚಾರ್ಜ್ ಸಮ್ಮರಿ, ಈಗಿನ ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗಿ. ಬರೀ ರಿಪೋರ್ಟ್ ಸಾಲದು, ಚಿತ್ರಗಳೇ ಬೇಕು. ಸರ್ಜನ್ ರಕ್ತನಾಳಗಳನ್ನು ತಮ್ಮ ಕಣ್ಣಿನಿಂದಲೇ ನೋಡಬೇಕು. ನಿಮ್ಮ ರಕ್ತದ ಗುಂಪಿನ ಚೀಟಿಯೂ ಇರಲಿ. ಖರ್ಚಿನ ಅಂದಾಜನ್ನು ಬರಹದಲ್ಲಿ ಕೇಳಿ, ತೊಂದರೆಯಾಗಿ ಆಸ್ಪತ್ರೆವಾಸ ಉದ್ದವಾದರೆ ಎಷ್ಟು ಅನ್ನೋದೂ ಅದರಲ್ಲಿ ಸೇರಿರಲಿ. ಈ ನಡುವೆ ಅಣ್ಣನಿಗೆ ಜ್ವರ ಬಂದರೆ, ಹೊಟ್ಟೆ ನೋವು ಶುರುವಾದರೆ, ಮೂತ್ರ ಕಡಿಮೆಯಾದರೆ, ಮಾತು ತೊದಲಿದರೆ ಅಥವಾ ಹಗಲು ರಾತ್ರಿ ನಿದ್ದೆ ತಿರುವುಮುರುವಾದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ. ಅದೇ ದಿನ ಹತ್ತಿರದ ಆಸ್ಪತ್ರೆಗೆ ಸೇರಿಸಿ, ಎರಡೂ ಕೇಂದ್ರಗಳಿಗೆ ಫೋನ್ ಮಾಡಿ ತಿಳಿಸಿ.